ಚೀಟಿಗೆ ಎಷ್ಟು ಮೂಲೆ?

“ಮಸಲ್ ಎಂದರೆ ಪುಟ್ಟ ಇಲಿ!”

ಲೆಕ್ಚರರ್ ಅಂಗಿಯ ತೋಳು ಮೇಲೆ ಸರಿಸಿ, ಮುಷ್ಟಿ ಬಿಗಿದು, ಕೈ ಮಡಚಿ ತೋರಿಸಿದರು. “ಲ್ಯಾಟಿನ್ ಮೂಲ. ಕೈ ಮಡಚಿದಾಗ ಚರ್ಮದ ಕೆಳಗೆ ಇಲಿಮರಿಯೊಂದು ಓಡಿದ ಹಾಗೆ ಕಾಣುತ್ತದೆ. ಅದಕ್ಕೇ ಆ ಹೆಸರು. ಪುಟ ಹನ್ನೆರಡು.”

“ನಿಮ್ಮ ತೋಳಲ್ಲಿರೋ ಇಲಿ ಉಪವಾಸ ಬಿದ್ದು ಸತ್ತಿದೆ ಸರ್,” ಎಂದಳು ಟೀಚರಮ್ಮನ ಸೊಸೆ.

ಮಂಡಿಮಾವ ಕಿಸಕ್ಕನೆ ನಕ್ಕ. ಟೀಚರಮ್ಮ ನಗಲಿಲ್ಲ. ನಗುವುದು ಹೇಗೆ? ಆ ಇಲಿಮರಿ ಅವರದು.

ಇಂಗ್ಲಿಷ್ ಪದಗಳು ಎಲ್ಲಿ ಹುಟ್ಟಿದವು, ಮೊದಲು ಅವಕ್ಕೆ ಏನರ್ಥವಿತ್ತು ಎಂಬುದನ್ನು ಟೀಚರಮ್ಮ ನಲವತ್ತು ವರ್ಷದಿಂದ ಕನ್ನಡದಲ್ಲಿ ಬರೆದಿಟ್ಟಿದ್ದಾರೆ, ಒಂದು ಪದಕ್ಕೆ ಒಂದು ಚೀಟಿಯಂತೆ. ಅವರ ದಪ್ಪ ಪುಸ್ತಕ ಅಚ್ಚಿಗೆ ಕೂತ ಹೊತ್ತಿಗೇ ಈ ಲೆಕ್ಚರರ್ ಒಂದು ತೆಳ್ಳನೆಯ ಪುಸ್ತಕ ಹೊರತಂದಿದ್ದರು. ಒಳಗೆ ಟೀಚರಮ್ಮನ ವಾಕ್ಯಗಳೇ, ಅಲ್ಪವಿರಾಮದ ಸಮೇತ. ಚೀಟಿಗಳ ಬೀರುವಿಗೆ ಇರುವುದು ಒಂದೇ ಬೀಗದ ಕೈ. ಅದು ಸೊಸೆಯ ಸೊಂಟದಲ್ಲಿ.

ಅನುಮಾನಕ್ಕೆ ಅತ್ತೆಗೆ ಇನ್ನೇನು ಬೇಕು?

ಒಂಬತ್ತು ವರ್ಷ ಚೀಟಿಗಳನ್ನು ಓದಿ ಹೇಳಿ, ಹುಡುಕಿ, ತಿದ್ದಿ, ಜೋಡಿಸಿದವಳು ಸೊಸೆ. ಪುಸ್ತಕದ ಮೊದಲ ಪುಟದಲ್ಲಿ ಅತ್ತೆಯ ಹೆಸರಿನ ಕೆಳಗೆ ಅವಳ ಹೆಸರೂ ಜೋಡಣೆಯಾಗಿತ್ತು. ನಿನ್ನೆ ಟೀಚರಮ್ಮ ಪ್ರೆಸ್ಸಿಗೆ ಫೋನ್ ಮಾಡಿ, “ಎರಡನೇ ಹೆಸರು ತೆಗೀರಿ,” ಎಂದುಬಿಟ್ಟಿದ್ದರು. ಫೋರ್‌ಮನ್ ನನ್ನ ಹಳೆಯ ಶಿಷ್ಯ. “ನಾಲ್ಕು ಗಂಟೆವರೆಗೆ ಆ ಪುಟ ತಡೀತೀನಿ ತಾತ. ಆಮೇಲೆ ಮೆಷಿನ್ ನಿಮ್ಮಪ್ಪ ಬಂದು ಹೇಳಿದ್ರೂ ಕೇಳಲ್ಲ,” ಎಂದಿದ್ದ.

ಗೋಡೆ ಗಡಿಯಾರದಲ್ಲಿ ಮೂರೂ ಹತ್ತು.

ನಾನು ಮೂವತ್ತೆಂಟು ವರ್ಷ ಅದೇ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿ, ಐದು ವರ್ಷದ ಹಿಂದೆ ಮನೆ ಸೇರಿದವನು. ಈ ಮನೆಯ ಕೆಳಗಿನ ಮಹಡಿಯೇ ನನ್ನದು. ಓಣಿಗೆಲ್ಲ ನಾನು ಪ್ರೂಫ್ ತಾತ. ತಪ್ಪು ಹುಡುಕುವುದು ನನ್ನ ಕಸುಬಾಗಿತ್ತು. ತಪ್ಪು ಮಾಡಿದವರನ್ನು ಹುಡುಕುವುದು ನಿವೃತ್ತಿಯ ಮೇಲೆ ಹತ್ತಿದ ಚಟ. ನಾನು ಈ ಕೇಸಿಗೆ ಕೈ ಹಾಕಿದ ದಿನವೇ ಟೀಚರಮ್ಮ ಎಚ್ಚರಿಸಿದ್ದರು: “ಡಿಟೆಕ್ಟ್ ಅಂದ್ರೆ ಲ್ಯಾಟಿನ್‌ನಲ್ಲಿ ಮುಚ್ಚಿದ್ದನ್ನ ತೆಗೆಯೋದು. ಜೋಪಾನ, ಒಳಗೆ ಏನಿರುತ್ತೋ ಯಾರಿಗ್ಗೊತ್ತು.”

ನಾನು ಕೇಳಿದ್ದರೆ ತಾನೆ.

ಎಲ್ಲರನ್ನೂ ಈ ಕೋಣೆಗೆ ಕರೆಸಿದವನು ನಾನೇ. ಉದ್ದ ಮೇಜು, ಅದರ ಕಾಲಿಗೆ ದಾರದಿಂದ ಕಟ್ಟಿದ ಕತ್ತರಿ (ಇಲ್ಲದಿದ್ದರೆ ಅದಕ್ಕೂ ಕಾಲು ಬರುತ್ತದೆ), ಹಳೆಯ ಔಷಧಿ ಅಂಗಡಿಯಿಂದ ಕೊಂಡು ತಂದ ಸಣ್ಣ ಸಣ್ಣ ಡ್ರಾಯರುಗಳ ಬೀರು. ಮೇಜಿನ ಈ ಕಡೆ ಟೀಚರಮ್ಮ, ಆ ಕಡೆ ಲೆಕ್ಚರರ್. ಕಿಟಕಿಯ ಬಳಿ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು ಟೀಚರಮ್ಮನ ತಮ್ಮ. ಮಂಡಿ ಆಪರೇಷನ್ನಿಗೆಂದು ಹೋದ ತಿಂಗಳು ಬಂದವನು; ಮಂಡಿ ಸರಿಹೋಯಿತು, ಅವನು ಹೋಗಲಿಲ್ಲ. ಅದಕ್ಕೇ ಮಂಡಿಮಾವ. ನನ್ನ ಕುರ್ಚಿ ಮಾತ್ರ ಗೋಡೆಗೆ ಒರಗಿಕೊಂಡಿತ್ತು. ಎಲ್ಲರ ಮುಖವೂ ಕಾಣುವ ಜಾಗ ಅದು. ಪತ್ತೇದಾರ ಅಲ್ಲೇ ಕೂರಬೇಕು.

“ಮೇಷ್ಟ್ರೇ, ಇಲಿ ಆಯ್ತು. ಪುಟ ಮೂವತ್ತು ಓದಿ. ಸ್ಯಾಲರಿ,” ಎಂದೆ.

ಲೆಕ್ಚರರ್ ಕನ್ನಡಕ ಸರಿಮಾಡಿಕೊಂಡರು. “ರೋಮನ್ ಸೈನಿಕರಿಗೆ ಸಂಬಳವಾಗಿ ಉಪ್ಪನ್ನು ಅಳೆದು ಕೊಡುತ್ತಿದ್ದರು. ಉಪ್ಪಿನ ಋಣವೇ ಸ್ಯಾಲರಿ. ಇದು ನನ್ನ ಇಪ್ಪತ್ತು ವರ್ಷದ ಸಂಶೋಧನೆಯ ಫಲ.”

ಟೀಚರಮ್ಮ ತಲೆ ಎತ್ತಿದರು.

“ನ್ಯೂಸ್?”

“ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ. ಇಂಗ್ಲಿಷಿನಲ್ಲಿ ಈ ನಾಲ್ಕು ದಿಕ್ಕುಗಳ ಮೊದಲ ಅಕ್ಷರ ಸೇರಿ ನ್ಯೂಸ್ ಆಯಿತು. ನಾಲ್ಕು ದಿಕ್ಕಿನಿಂದ ಬರುವುದೇ ಸುದ್ದಿ.”

“ಟಿಪ್ಸ್?” ಈ ಸಲ ಕೇಳಿದ್ದು ನಾನಲ್ಲ, ಟೀಚರಮ್ಮ. ದನಿಯಲ್ಲಿ ಏನೋ ಕುಣಿಯುತ್ತಿತ್ತು.

“ಅದೂ ಹಾಗೆಯೇ. ಕೆಲಸ ಬೇಗ ಆಗಲಿ ಎಂಬರ್ಥದ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ. ಹೋಟೆಲಿನ ಡಬ್ಬದ ಮೇಲೆ ಬರೆದಿರುತ್ತಿದ್ದರು. ಪುಟ ಮೂವತ್ತೆಂಟು.”

ಟೀಚರಮ್ಮನ ಹೆಗಲು ಅಲುಗಾಡತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ಮಂಡಿಮಾವ, “ಅಕ್ಕಾ, ನೀರು ಕುಡಿ,” ಎಂದ. ಅಳುವಲ್ಲ. ಎಪ್ಪತ್ತೊಂಬತ್ತು ವರ್ಷದ ಹೆಂಗಸು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

“ಇದನ್ನೆಲ್ಲ ನೀನು ನನಗೆ ಓದಿ ಹೇಳಲೇ ಇಲ್ವಲ್ಲೋ!”

“ಮೂರು ಪದ ಓದೋವಷ್ಟರಲ್ಲೇ ನೀನು ಪುಸ್ತಕ ಎಸೆದೆ. ನನ್ನ ಮಂಡಿಗೇ ತಾಗ್ತು,” ಎಂದ ಮಂಡಿಮಾವ.

“ಚೀಟಿ ತಗೊಂಡು ಬಾಮ್ಮ,” ಎಂದೆ ಸೊಸೆಗೆ. “ಇಲಿಮರಿ, ಸ್ಯಾಲರಿ, ನ್ಯೂಸ್, ಟಿಪ್ಸ್. ನಾಲ್ಕೂ.”

“ಮೊದಲೆಲ್ಲ ನಿಮ್ಮ ಪ್ರೆಸ್ಸಿನ ಕವರುಗಳನ್ನ ಅಂಚೆಗೆ ಹಾಕೋಕೆ ನಾನು ಬೇಕಿತ್ತು. ಈಗ ಕಳ್ಳನ್ನ ಹಿಡಿಯೋಕೂ ನಾನೇ ಓಡಾಡ್ಬೇಕು. ಕುರ್ಚಿ ಬಿಟ್ಟು ಏಳಬೇಡಿ ತಾತ, ಅದು ತಣ್ಣಗಾಗುತ್ತೆ.”

ಬಾಯಿ ಜೋರು, ಮುಖ ಮಾತ್ರ ನಿನ್ನೆಯಿಂದ ಬಾಡಿತ್ತು. ಸೊಂಟದ ಬೀಗದ ಕೈ ತೆಗೆದು ಡ್ರಾಯರು ಎಳೆದಳು, ನಾಲ್ಕು ಚೀಟಿ ತಂದು ಅತ್ತೆಯ ಮುಂದೆ ಇಟ್ಟಳು. ಕೈಗೆ ಕೊಡಲಿಲ್ಲ. ಅದು ಜಗಳದ ಲೆಕ್ಕ.

ಟೀಚರಮ್ಮ ಮೊದಲ ಚೀಟಿ ಎತ್ತಿಕೊಂಡು ಬೆರಳಿನಿಂದ ಸುತ್ತ ಸವರಿದರು. “ಒಂದು, ಎರಡು, ಮೂರು. ನಾಲ್ಕನೇದು ಇಲ್ಲ. ಇದು ಇಲಿ.” ಎರಡನೆಯದು. “ಒಂದು, ಎರಡು, ಮೂರು, ನಾಲ್ಕು.” ಮೂರನೆಯದು, ನಾಲ್ಕನೆಯದು. “ನಾಲ್ಕೂ ಮೂಲೆ! ಇದಕ್ಕೂ ನಾಲ್ಕೂ ಮೂಲೆ!”

“ಏನಿದು ಮೂಲೆ ಎಣಿಸುವ ಆಟ?” ಎಂದು ಲೆಕ್ಚರರ್ ಸಿಡುಕಿದರು.

“ಆಟ ಅಲ್ಲ ಸ್ವಾಮಿ, ನಮ್ಮ ಕೆಲಸದ ಪದ್ಧತಿ,” ಎಂದರು ಟೀಚರಮ್ಮ. “ಒಂದು ಪದದ ಕಥೆ ಕಿವಿಗೆ ಬಿದ್ದ ಕೂಡಲೇ ಚೀಟಿ ಬರೀತೀನಿ. ಆಮೇಲೆ ಹಳೇ ನಿಘಂಟು, ಹಳೇ ಪುಸ್ತಕ ಎಲ್ಲ ತಿರುವಿ ಹಾಕಿ, ಸಾಕ್ಷಿ ಗಟ್ಟಿಯಾದ್ರೆ ಬಲಗಡೆ ಮೇಲಿನ ಮೂಲೆ ಕತ್ತರಿಸ್ತೀವಿ. ಮೂಲೆ ಹೋಗಿದ್ರೆ ನಿಜ. ನಾಲ್ಕೂ ಮೂಲೆ ಇದ್ರೆ ಬರೀ ಬಾಯಿಮಾತು. ಅಕ್ಷರ ನನ್ನ ಕಣ್ಣಿಗೆ ಕಾಣಲ್ಲ, ಮೂಲೆ ಬೆರಳಿಗೆ ಕಾಣುತ್ತೆ.”

“ನ್ಯೂಸ್ ಬಾಯಿಮಾತೇ? ಶಾಲೆಯಲ್ಲಿ ಎಲ್ಲರೂ ಕಲಿತದ್ದು ಅದನ್ನೇ!”

“ಕಲಿಸಿದ್ದು ನಿಮ್ಮಂಥವರೇ ಅಲ್ವಾ? ನ್ಯೂ ಅಂದ್ರೆ ಹೊಸದು, ನ್ಯೂಸ್ ಅಂದ್ರೆ ಹೊಸ ವಿಷಯಗಳು. ಮುಗೀತು. ದಿಕ್ಕಿಗೂ ಅದಕ್ಕೂ ಯಾವ ನಂಟೂ ಇಲ್ಲ. ಸ್ಯಾಲರಿ ಪದದಲ್ಲಿ ಉಪ್ಪು ಇರೋದೇನೋ ಹೌದು. ಆದ್ರೆ ಸೇರಿನಲ್ಲಿ ಅಳೆದು ಸೈನಿಕರ ಉಡಿಗೆ ಸುರಿದ್ರು ಅನ್ನೋದಕ್ಕೆ ಸಾಕ್ಷಿ ಎಲ್ಲಿದೆ? ಟಿಪ್ಸ್ ಕಥೆಯಂತೂ ಯಾರೋ ಕೆಲಸವಿಲ್ಲದವರು ಕಟ್ಟಿದ್ದು. ಅವೆಲ್ಲ ನಮ್ಮ ಪುಸ್ತಕದಲ್ಲೂ ಇವೆ. ಕಡೇ ಅಧ್ಯಾಯ, ‘ನಂಬಬೇಡಿ’.”

ಈಗ ನನ್ನ ಸರದಿ. ನಾನು ಗಂಟಲು ಸರಿಮಾಡಿಕೊಂಡೆ. ಸುಳ್ಳೇಕೆ ಹೇಳಲಿ, ಈ ಗಳಿಗೆಗಾಗಿ ಬೆಳಿಗ್ಗೆಯೇ ಗಡ್ಡ ಹೆರೆದುಕೊಂಡಿದ್ದೆ.

ಬೆಳಿಗ್ಗೆ ಇದೇ ಕೋಣೆಯ ಬಿಸ್ಕತ್ತು ಡಬ್ಬದಲ್ಲಿ ಸಾವಿರಾರು ಪುಟ್ಟ ತ್ರಿಕೋನಗಳು ಕಂಡಿದ್ದವು. ಕಾಗದದ್ದು, ಉಗುರಿನಷ್ಟು. ಏನೆಂದು ಕೇಳಿದಾಗ ಸೊಸೆ ಮೂಲೆಯ ಪದ್ಧತಿ ಹೇಳಿದ್ದಳು. ಅವಳಿಗೆ ಅದರ ಬೆಲೆ ಗೊತ್ತಾಗಲಿಲ್ಲ, ಏಕೆಂದರೆ ಲೆಕ್ಚರರ್ ಪುಸ್ತಕವನ್ನು ಅವಳು ಮುಟ್ಟಿರಲಿಲ್ಲ. “ಕದ್ದ ಪುಸ್ತಕ, ಕೈ ಅಂಟಾಗುತ್ತೆ,” ಅಂದಿದ್ದಳು. ನಾನು ಮುಟ್ಟಿದ್ದೆ. ಮುಟ್ಟುವುದೇನು, ಹೊದಿಕೆಯಿಂದ ಹೊದಿಕೆಗೆ ಓದಿದ್ದೆ. ಪ್ರೂಫ್ ನೋಡಿದವನಿಗೆ ಅಂಗಡಿಯ ಬೋರ್ಡೂ ಪೂರ್ತಿ ಓದದೆ ಬಿಡಲಾಗದು. ಆ ಪುಸ್ತಕದಲ್ಲಿ ನಿಜವೂ ಬಾಯಿಮಾತೂ ಒಂದೇ ಪಂಕ್ತಿಯಲ್ಲಿ ಕೂತಿದ್ದವು. ಆಮೇಲೆ ಒಂದು ಚೀಟಿ ಹಿಡಿದು ಜೆರಾಕ್ಸ್ ಅಂಗಡಿಗೆ ಹೋದೆ. ಬಿಳಿ ಚೀಟಿ, ಬಿಳಿ ಹಾಳೆ. ಪ್ರತಿಯಲ್ಲಿ ಅಕ್ಷರ ಬಂತು, ಕತ್ತರಿಸಿದ ಮೂಲೆ ಬರಲಿಲ್ಲ.

ಅದನ್ನೆಲ್ಲ ಕೋಣೆಗೆ ವಿವರಿಸಿ, “ಹಾಗಾಗಿ ಈ ಪುಸ್ತಕ ಬರೆದವರ ಕೈಗೆ ಸಿಕ್ಕಿದ್ದು ಜೆರಾಕ್ಸ್,” ಎಂದೆ. “ಕೊಟ್ಟವರಿಗೆ ಮೂಲೆಯ ವಿಷಯವೇ ಗೊತ್ತಿಲ್ಲ. ಗೊತ್ತಿದ್ದವರು ಒಂದು ಮಾತು ಹೇಳಿ ಕೊಡ್ತಿದ್ರು. ಈಗ ಹೇಳಿ ಟೀಚರಮ್ಮ, ಈ ಮನೇಲಿ ಮೂಲೆ ಕತ್ತರಿಸೋರು ಯಾರು?”

ಟೀಚರಮ್ಮನ ನಗು ಮೆಲ್ಲಗೆ ಇಳಿಯಿತು. “ಸೊಸೆ,” ಎಂದರು.

“ಒಂದೊಂದು ಮೂಲೇನೂ ಇವಳೇ ಕತ್ತರಿಸಿರೋದು. ಇವಳು ಕದ್ದಿದ್ರೆ ಮೇಷ್ಟ್ರ ಪುಸ್ತಕದಲ್ಲಿ ಇಷ್ಟು ನಗೆಪಾಟಲು ಆಗ್ತಿತ್ತಾ?”

ಸೊಸೆ ಕಿಟಕಿಯ ಕಡೆ ತಿರುಗಿಕೊಂಡಳು. ಸೆರಗಿನ ತುದಿ ಎರಡು ಸಲ ಮುಖಕ್ಕೆ ಹೋಗಿ ಬಂತು.

ಅಲ್ಲಿಗೇ ನಿಲ್ಲಿಸಿದ್ದರೆ ನಾನು ದೊಡ್ಡ ಮನುಷ್ಯ. ನಿಲ್ಲಿಸಲಿಲ್ಲ.

“ಮೂಲೆ ವಿಷಯ ಗೊತ್ತಿಲ್ಲದೆ ಈ ಮನೆ ಒಳಗೆ ಓಡಾಡೋರು ಇನ್ನೊಬ್ಬರಿದಾರೆ. ಬಂದ ಹೊಸದರಲ್ಲೇ ಮೆಟ್ಟಿಲ ಮೇಲೆ ನನ್ನನ್ನ ನಿಲ್ಲಿಸಿ, ‘ಹತ್ತಿರದಲ್ಲಿ ಜೆರಾಕ್ಸ್ ಅಂಗಡಿ ಎಲ್ಲಿದೆ’ ಅಂತ ಕೇಳಿದ್ದು ಯಾರು?” ಎಂದು ಮಂಡಿಮಾವನ ಕಡೆ ಬೆರಳು ತೋರಿಸಿದೆ.

“ಎಲಾ ಮುದುಕ!” ಮಂಡಿಮಾವ ಸ್ಟೂಲಿನಿಂದ ಕಾಲು ಇಳಿಸಿದ. ಆಪರೇಷನ್ ಆದಮೇಲೆ ಅವನು ಅಷ್ಟು ಬೇಗ ಎದ್ದದ್ದು ಅದೇ ಮೊದಲು. “ಆಸ್ಪತ್ರೆ ರಿಪೋರ್ಟು ಜೆರಾಕ್ಸ್ ಮಾಡಿಸೋಕೆ ಕಣಯ್ಯ! ಮಂಡಿ ಎಕ್ಸ್‌ರೇ ತೋರಿಸಲಾ? ನೋಡು, ಇದರೊಳಗೂ ಚೀಟಿ ಇಟ್ಟಿದ್ದೀನಾ ಅಂತ ನೋಡು!”

“ಕೂತ್ಕೊಳ್ಳೋ, ಹೊಲಿಗೆ ಬಿಚ್ಚುತ್ತೆ,” ಎಂದರು ಟೀಚರಮ್ಮ. ಆಮೇಲೆ ಲೆಕ್ಚರರ್ ಕಡೆ ಮುಖ ಮಾಡಿದರು. “ರೈವಲ್ ಅಂದ್ರೆ ಏನು ಗೊತ್ತಾ ನಿಮಗೆ? ಒಂದೇ ತೊರೆ ನೀರು ಕುಡಿಯೋರು. ಹಂಚಿಕೊಳ್ಳೋವಾಗ ಜಗಳ ಬರುತ್ತೆ, ತಪ್ಪೇನಿಲ್ಲ. ನೀವು ತೊರೆ ಹತ್ತಿರಾನೇ ಬರಲಿಲ್ಲ ಸ್ವಾಮಿ. ಸೀದಾ ನಮ್ಮ ಬಿಂದಿಗೆಗೇ ಕೈ ಹಾಕಿದ್ರಿ. ಯಾರು ಕೊಟ್ರು?”

ಲೆಕ್ಚರರ್ ಮುಖ ಕೆಂಪಗಾಯಿತು. ಚೀಲದ ಜಿಪ್ ಎಳೆದರು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಜಗ್ಗಾಡಿ ಒಂದು ದಪ್ಪ ಕಂದು ಕವರು ಹೊರತೆಗೆದು ಮೇಜಿನ ಮೇಲೆ ಬಡಿದರು.

“ನಾನು ಕಳ್ಳನಲ್ಲ! ಇದು ಅಂಚೆಯಲ್ಲಿ ನನ್ನ ಮನೆಗೆ ಬಂದದ್ದು. ಕಳಿಸಿದವರ ಹೆಸರಿಲ್ಲ, ಪತ್ರವಿಲ್ಲ. ಯಾರಾದರೂ ಕೇಳಿಕೊಂಡು ಬರುತ್ತಾರೆಂದು ಕಾದೆ. ಆರು ವರ್ಷ ಕಾದೆ! ಯಾರೂ ಬರಲಿಲ್ಲ. ಬೇರೆಯವರಾಗಿದ್ದರೆ ಆರು ತಿಂಗಳೂ ಕಾಯುತ್ತಿರಲಿಲ್ಲ.”

“ಇಪ್ಪತ್ತು ವರ್ಷದ ಸಂಶೋಧನೆ ಅಂದ್ರಿ?”

“ಕವರು ತೆರೆಯುವ ಮೊದಲಿನ ಹದಿನಾಲ್ಕು ವರ್ಷ ನಾನು ಆಲೋಚನೆ ಮಾಡುತ್ತಿದ್ದೆ.”

ನಾನು ಕವರು ಎತ್ತಿಕೊಂಡೆ. ಲೆಕ್ಚರರ್ ವಿಳಾಸ ಟೈಪು ಮಾಡಿದ್ದು. ಒಂದು ಬದಿ ಹರಿದಿತ್ತು. ಹಳೆಯ ಕ್ಯಾಲೆಂಡರಿನ ಚೂರು ಅಂಟಿಸಿ ಯಾರೋ ತೇಪೆ ಹಾಕಿದ್ದರು. ತೇಪೆಯ ಮೇಲೆ ಕೆಂಪು ಅಕ್ಷರದಲ್ಲಿ ಹದಿನೇಳು. ಒಳಗೆ ಜೆರಾಕ್ಸ್ ಹಾಳೆಗಳು, ಒಂದೊಂದರಲ್ಲಿ ನಾಲ್ಕು ನಾಲ್ಕು ಚೀಟಿ. ಅಂಚೆ ಮುದ್ರೆಯ ತಾರೀಖು ಸ್ಪಷ್ಟವಾಗಿತ್ತು. ಆರು ವರ್ಷದ ಹಿಂದಿನದೇ.

“ಆರು ವರ್ಷದ ಹಿಂದೆ ನಾನು ಹಡಗಿನ ಅಡಿಗೆಮನೇಲಿದ್ದೆ!” ಮಂಡಿಮಾವ ಗೆದ್ದವನಂತೆ ಕೂಗಿದ. “ಸುತ್ತ ನೀರು! ಎಲ್ಲಿಂದ ಕದೀಲಿ, ಮೀನಿನ ಹತ್ತಿರ?”

“ಅಲಿಬೈ,” ಎಂದರು ಟೀಚರಮ್ಮ. “ಲ್ಯಾಟಿನ್‌ನಲ್ಲಿ ‘ಬೇರೆ ಕಡೆ’ ಅಂತ ಅಷ್ಟೇ. ಮೂಲೆ ಕತ್ತರಿಸಿದ ಚೀಟಿ ಅದು. ತಾತ, ನನ್ನ ತಮ್ಮನ ಹತ್ತಿರ ಕ್ಷಮೆ ಕೇಳಿ.”

ಕೇಳಿದೆ. ಮಂಡಿಮಾವ ಅದನ್ನು ಎರಡು ಸಲ ಕೇಳಿಸಿಕೊಂಡ. ಮೊದಲ ಸಲ ಕೇಳಿಸಲಿಲ್ಲವಂತೆ.

“ಹೋಗಲಿ ಬಿಡಿ,” ಎಂದು ನಾನು ಕೈ ಕೊಡವಿದೆ. “ಕಳಿಸಿದವರು ಯಾರೋ ಆಮೇಲೆ ನೋಡೋಣ. ಸೊಸೆ ಅಲ್ಲ ಅನ್ನೋದಂತೂ ಗಟ್ಟಿಯಾಯ್ತು. ಫೋನ್ ಮಾಡಿ ಟೀಚರಮ್ಮ, ನಾಲ್ಕಕ್ಕೆ ಆರು ನಿಮಿಷ ಇದೆ.”

“ಗಟ್ಟಿಯಾಗಿಲ್ಲ ತಾತ.”

ಹೇಳಿದ್ದು ಸೊಸೆ. ಕಿಟಕಿಯಿಂದ ಇತ್ತ ತಿರುಗಿದ್ದಳು.

“ಮೂಲೆ ಕತ್ತರಿಸೋಕೆ ಶುರು ಮಾಡಿದ್ದು ಅತ್ತೆಗೆ ಕಣ್ಣು ಮಂಜಾದ ಮೇಲೆ. ನಾಲ್ಕು ವರ್ಷ ಆಯ್ತು. ಅದಕ್ಕೂ ಮೊದಲು ಯಾವುದು ನಿಜ, ಯಾವುದು ಬಾಯಿಮಾತು ಅನ್ನೋದು ಅತ್ತೆ ತಲೇಲೇ ಇರ್ತಿತ್ತು. ಈ ಜೆರಾಕ್ಸ್ ಆರು ವರ್ಷದ್ದು. ಆಗ ಎಲ್ಲ ಚೀಟಿಗೂ ನಾಲ್ಕೇ ಮೂಲೆ. ಮೂಲೆ ಗೊತ್ತಿಲ್ಲದವರೇ ಕಳಿಸಿದ್ದು ಅಂತ ಹೇಳೋಕೆ ಆಗಲ್ಲ. ನಾನೂ ಕಳಿಸಿರಬಹುದು.”

ಮೂವತ್ತೆಂಟು ವರ್ಷ ಕಾಗದದ ಮೇಲೆ ಮೊದಲು ತಾರೀಖು ನೋಡು ಎಂದು ಹುಡುಗರಿಗೆ ಬೈದವನು ನಾನು. ಮೂಲೆ ಹಿಡಿದುಕೊಂಡು ಕುಣಿದೆ, ಅದು ಯಾವಾಗಿನ ಮೂಲೆ ಎಂದು ಕೇಳಲಿಲ್ಲ. ಕಟ್ಟಿದ ಮನೆಯ ಮೊದಲ ಇಟ್ಟಿಗೆಯನ್ನೇ ಆ ಹುಡುಗಿ ಎಳೆದುಬಿಟ್ಟಿದ್ದಳು, ಅದೂ ತನ್ನ ತಲೆಯ ಮೇಲೆಯೇ ಬೀಳುವ ಹಾಗೆ.

“ಬಾಯಿ ಮುಚ್ಚಿಕೊಂಡಿದ್ರೆ ಏನಾಗ್ತಿತ್ತಮ್ಮಾ?” ಎಂದ ಮಂಡಿಮಾವ, ಪಾಪ, ಮೆಲ್ಲಗೆ.

“ಸಾಕ್ಷಿ ಇಲ್ಲದ ಮಾತಿಗೆ ಮೂಲೆ ಕತ್ತರಿಸಬಾರದು ಮಾವ. ನನಗೆ ಅದನ್ನೇ ಕಲಿಸಿರೋದು.”

ಫೋನು ಹೊಡೆದುಕೊಂಡಿತು. ಲೆಕ್ಚರರ್ ಬೆಚ್ಚಿ ಕನ್ನಡಕ ಬೀಳಿಸಿಕೊಂಡರು. ಟೀಚರಮ್ಮ ತಡಕಾಡಿ ಸ್ಪೀಕರ್ ಒತ್ತಿದರು.

“ಅಮ್ಮಾ, ನಾಲ್ಕು ಗಂಟೆ,” ಫೋರ್‌ಮನ್ ದನಿ. “ಆ ಪುಟದ ಅಚ್ಚಿನ ಪ್ಲೇಟು ಕೈಯಲ್ಲೇ ಹಿಡ್ಕೊಂಡು ನಿಂತಿದ್ದೀನಿ. ಎರಡನೇ ಹೆಸರು ಇಡಲಾ, ತೆಗೀಲಾ?”

ಟೀಚರಮ್ಮ ಸೊಸೆ ನಿಂತಿದ್ದ ಕಡೆಗೆ, ಸ್ವಲ್ಪ ಪಕ್ಕಕ್ಕೆ ತಪ್ಪಿ, ಮುಖ ಮಾಡಿದರು. “ನೀನು ಕೊಟ್ಟೆಯಾ?”

“ಇಲ್ಲ ಅತ್ತೆ.”

“ಸಾಕ್ಷಿ?”

“ಇಲ್ಲ.”

“ಅಮ್ಮಾ?” ಫೋನು ಮತ್ತೆ ಕೇಳಿತು.

“ಇಡಪ್ಪಾ,” ಎಂದರು ಟೀಚರಮ್ಮ. “ಹೆಸರು ಇರಲಿ. ಗೆದ್ದಮೇಲೂ ತಪ್ಪು ತಿದ್ದೋಳು ಕದಿಯೋಳಲ್ಲ. ಓಡಿಸು ಮೆಷಿನ್ನು. ಮತ್ತೆ ಅದೇ ಅಕ್ಷರದ ಗಾತ್ರ ಇರಲಿ, ಅವಳದ್ದು ಚಿಕ್ಕದು ಮಾಡಬೇಡ.”

ಫೋನಿನೊಳಗೆ ಮೊದಲು ಒಂದು ಗರಗರ, ಆಮೇಲೆ ಒಂದೇ ತಾಳದ ಸದ್ದು. ಮೂವತ್ತೆಂಟು ವರ್ಷ ಕೇಳಿದ ಸದ್ದು ಅದು. ಇನ್ನು ಅಪ್ಪ ಬಂದರೂ ನಿಲ್ಲುವುದಿಲ್ಲ. ಮಂಡಿಮಾವ ಚಪ್ಪಾಳೆ ತಟ್ಟಿದ. ಅಭ್ಯಾಸಬಲದಿಂದ ಲೆಕ್ಚರರ್ ಕೂಡ ಒಂದೆರಡು ಸಲ ತಟ್ಟಿ, ನೆನಪಾಗಿ ಕೈ ಕೆಳಗಿಳಿಸಿದರು.

“ಬೀಗದ ಕೈ ವಾಪಸ್ ಕೊಡೋಣ ಅಂತಿದ್ದೆ,” ಎಂದಳು ಸೊಸೆ, ಮೂಗೆಳೆದುಕೊ‌ಳ್ಳುತ್ತಾ.

“ಕೊಟ್ಟು ನೋಡು, ಕೈ ಮುರೀತೀನಿ. ‘ನಂಬಬೇಡಿ’ ಅಧ್ಯಾಯಕ್ಕೆ ನನ್ನ ಬುದ್ಧೀನೂ ಸೇರಿಸು, ಹೋಗು. ಮೊದಲು ಆ ಕವರು ತೆಗೆದು ಒಳಗಿಡು. ನಮ್ಮ ಚೀಟಿ ನಮ್ಮ ಬೀರುವಿಗೆ.”

ಸೊಸೆ ನಗುತ್ತಲೇ ನನ್ನ ಕೈಯಿಂದ ಕವರು ತೆಗೆದುಕೊಂಡಳು. ಬೀರುವಿನ ಕಡೆ ಎರಡು ಹೆಜ್ಜೆ ಇಟ್ಟಳು. ನಿಂತಳು. ಹರಿದ ಬದಿಯನ್ನು ಬೆಳಕಿಗೆ ಹಿಡಿದಳು. ಕ್ಯಾಲೆಂಡರಿನ ತೇಪೆಯ ಮೇಲೆ, ಆ ಕೆಂಪು ಹದಿನೇಳರ ಮೇಲೆ, ಅವಳ ಹೆಬ್ಬೆರಳು ಓಡಾಡಿತು.

“ಅತ್ತೆ, ಕಳ್ಳತನ ಮಾಡಿದ್ದು ನಾನಲ್ಲ,” ಎಂದಳು. “ಆದ್ರೆ ಈ ತೇಪೆ ಹಾಕಿದ್ದು ನಾನು. ನಮ್ಮ ಅಡಿಗೆಮನೆ ಕ್ಯಾಲೆಂಡರು ಇದು. ಅಂಚೆಗೆ ಅಂತ ಕೈಗೆ ಬಂದ ಪ್ರೆಸ್ಸಿನ ಕವರುಗಳ ಜೊತೆ ಇದೂ ಇತ್ತು. ಮೆಟ್ಟಿಲ ಮೇಲೆ ಹರೀತು, ಅಂಟಿಸಿ ಅಂಚೆಡಬ್ಬಕ್ಕೆ ಹಾಕಿ ಬಂದೆ. ಒಳಗೆ ಏನಿದೆ ಅಂತ ನೋಡಲಿಲ್ಲ.”

ಫೋನಿನೊಳಗೆ ಮೆಷಿನ್ನು ಓಡುತ್ತಲೇ ಇತ್ತು.

“ನಿನ್ನ ಕೈಗೆ ಕೊಟ್ಟಿದ್ದು ಯಾರು?” ಎಂದರು ಟೀಚರಮ್ಮ.

ಸೊಸೆ ಕವರಿನಿಂದ ಕಣ್ಣೆತ್ತಿ, ನೇರ ನನ್ನ ಕಡೆ ನೋಡಿದಳು. ಅವಳ ಹಿಂದೆಯೇ ಮಂಡಿಮಾವ ನೋಡಿದ. ಲೆಕ್ಚರರ್ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರು.

ನಾನೂ ಹಿಂತಿರುಗಿ ನೋಡಿದೆ.

ನನ್ನ ಹಿಂದೆ ಗೋಡೆ ಮಾತ್ರ ಇತ್ತು.